ನಾಲ್ಕನೇ ಜ್ವರ

ಮೊನ್ನೆ ತಮ್ಮನ ಮೊಮ್ಮಗನ ನಾಮಕರಣಕ್ಕೆಂದು ಶಿಡ್ಲಘಟ್ಟಕ್ಕೆ ಹೋಗಿದ್ದೆ. ಬಸ್ಸಿಳಿದು ಗಲ್ಲಿಯೊಂದರಲ್ಲಿ ತಿರುಗಿದ್ದೇ ತಡ, ರೇಷ್ಮೆಗೂಡು ಬೇಯುವ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಗೊತ್ತಿಲ್ಲದವರಿಗೆ ಅದನ್ನು ವಿವರಿಸುವುದು ಕಷ್ಟ, ಗೊತ್ತಿದ್ದವರಿಗೆ ವಿವರಿಸಬೇಕಾಗಿಲ್ಲ. ನನ್ನ ಸೊಸೆ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ನಡುಗಲ್ಲಿಯಲ್ಲಿ ನಿಂತುಬಿಟ್ಟೆ.

"ಯಾಕತ್ತೆ, ಕಾಲು ನೋವಾ?" ಅಂದಳು.

ಕಾಲಲ್ಲ, ಎಡಗೈ ಬೆರಳುಗಳ ತುದಿ ಚುರುಗುಟ್ಟುತ್ತಿದೆ ಎಂದಿದ್ದರೆ ಅವಳು ನಾಮಕರಣ ಬಿಟ್ಟು ನನ್ನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಸುಮ್ಮನೆ ತಲೆಯಾಡಿಸಿ ನಡೆದೆ. ಆ ಊರಿನವರಿಗೆಲ್ಲ ಆ ವಾಸನೆಗೆ ರೇಷ್ಮೆ ನೆನಪಾಗುತ್ತದೆ. ನನಗೆ ನೆನಪಾಗುವುದು ಗಿಟಾರು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಎಸ್ಸೆಸ್ಸೆಲ್ಸಿಯ ಲೆಕ್ಕದಲ್ಲಿ ಡುಮ್ಕಿ ಹೊಡೆದು ಮನೆಯಲ್ಲಿ ಕೂತಿದ್ದೆ. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಮನೆ ಇದ್ದದ್ದು ಇದೇ ಶಿಡ್ಲಘಟ್ಟದ ಊರಾಚೆ, ರೈಲ್ವೆ ಸ್ಟೇಷನ್ನಿನ ಮಗ್ಗುಲಿಗೆ, ಹಿಂದೆ ನಮ್ಮದೇ ಹಿಪ್ಪುನೇರಳೆ ತೋಟ. ಅಡುಗೆಮನೆಗೆ ಅಮ್ಮ ಒಡತಿ, ಹುಳದ ಮನೆಗೆ ಅಜ್ಜಿ. ಎರಡು ರಾಜ್ಯಗಳ ನಡುವೆ ಒಂದು ಗೋಡೆ ಮಾತ್ರ ಇತ್ತು.

"ಸೆಪ್ಟೆಂಬರಲ್ಲಿ ಮತ್ತೆ ಪರೀಕ್ಷೆ ಕಟ್ಟು. ಅಲ್ಲೀವರೆಗೂ ಅಜ್ಜಿ ಜೊತೆ ಹುಳ ನೋಡ್ಕೋ. ಸೊಪ್ಪು ಹೆಚ್ಚೋಕಾದ್ರೂ ಕೈ ಬರುತ್ತೇನೋ ನೋಡೋಣ" ಎಂದರು ಅಪ್ಪ. ಅವರು ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಹುಳ ಸಾಕುವುದೆಂದರೆ ಹಸುಗೂಸಿನ ಬಾಣಂತನ. ಎಳೆಯ ಹುಳಕ್ಕೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಹಾಕಬೇಕು. ಇರುವೆ ಹತ್ತದಂತೆ ಅಟ್ಟಣಿಗೆಯ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಬೇಕು. ಹೊರಗಿನವರ ಗಾಳಿ, ಹೊಗೆಸೊಪ್ಪಿನ ವಾಸನೆ, ಒಗ್ಗರಣೆ ಘಾಟು ಯಾವುದೂ ಸೋಕಬಾರದು. ಹುಳ ಕೆಲವು ದಿನ ಒಂದೇ ಸಮನೆ ತಿನ್ನುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಕಲ್ಲಿನಂತೆ ಕೂರುತ್ತದೆ. ಪೊರೆ ಬಿಡುವ ಕಾಲ ಅದು. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತೇವೆ. ಹುಳ ಜ್ವರಕ್ಕೆ ಕೂತಿತು ಎಂದರೆ ಯಾರೂ ಗಾಬರಿಯಾಗುವುದಿಲ್ಲ. ಹೀಗೆ ನಾಲ್ಕು ಜ್ವರ. ನಾಲ್ಕನೆಯದರಿಂದ ಎದ್ದ ಹುಳ ಹೊಟ್ಟೆ ಬಿರಿಯುವಷ್ಟು ತಿಂದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಐದನೇ ಜ್ವರ ಎಂಬುದಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ, ಒಂದು ಬೆಳಗ್ಗೆ ಇಬ್ಬನಿಯಲ್ಲಿ ಸೊಪ್ಪು ಬಿಡಿಸುತ್ತಿದ್ದೆ. ಪಡುವಣದಲ್ಲಿ ನಂದಿ ಬೆಟ್ಟದ ಸಾಲಿಗೆ ಮೋಡ ಒರಗಿಕೊಂಡಿತ್ತು. ತಂತಿಬೇಲಿಯ ಆಚೆ ಸ್ಟೇಷನ್ ಮಾಸ್ಟರ ಕ್ವಾರ್ಟರ್ಸಿನಿಂದ ಏನೋ ಕೇಳಿಸಿತು. ನಮ್ಮ ರಾಗವಲ್ಲ, ಸಿನಿಮಾ ಹಾಡೂ ಅಲ್ಲ. ಮೆಟ್ಟಿಲಿಳಿಯುವವಳೊಬ್ಬಳು ಬೇಕೆಂದೇ ಒಂದು ಮೆಟ್ಟಿಲು ತಪ್ಪಿಸಿ ಇಳಿದಂತಿತ್ತು. ಬಿದ್ದಳು ಅಂದುಕೊಳ್ಳುವಷ್ಟರಲ್ಲಿ ನಗುತ್ತಾ ಮುಂದಿನ ಮೆಟ್ಟಿಲಲ್ಲಿ ನಿಂತಿರುತ್ತಿದ್ದಳು. ನನ್ನ ಮಂಕರಿ ಅರ್ಧ ತುಂಬಿತ್ತು, ಬಿಸಿಲೇರಿದರೂ ಅದು ಅರ್ಧವೇ ಉಳಿಯಿತು.

"ನೀನು ಸೊಪ್ಪು ಕೀಳ್ತಾ ಇಲ್ಲ ಚೈಲ್ಡ್, ಕೇಳ್ತಾ ಇದೀಯ. ಬಾ ಒಳಗೆ."

ಬೇಲಿಯ ಹತ್ತಿರ ನಿಂತಿದ್ದವರು ಮಾಸ್ಟರ ಹೆಂಡತಿ ಡೋರೀನ್. ಊರಿಗೆ ಅವರು 'ಸ್ಟೇಷನ್ ದೊರೆಸಾನಿ'. ಹೂವಿನ ಗೌನು, ಅರೆನರೆತ ಗುಂಗುರು ಕೂದಲು, ವಯಸ್ಸು ಐವತ್ತು ದಾಟಿತ್ತು. ಕೋಲಾರದ ಚಿನ್ನದ ಗಣಿಯಲ್ಲಿ ಹುಟ್ಟಿ ಬೆಳೆದವರು. ಅಲ್ಲಿನ ಕ್ಲಬ್ಬಿನ ಡ್ಯಾನ್ಸುಗಳಿಗೆ ಅವರೂ ಅವರ ಅಣ್ಣ ಎರಿಕ್ಕೂ ಗಿಟಾರು ನುಡಿಸುತ್ತಿದ್ದರಂತೆ. ಒಳಗೆ ಗೋಡೆಗೆ ಒರಗಿಸಿದ ಎರಡು ಗಿಟಾರುಗಳಿದ್ದವು. ಒಂದು ಅವರದು, ಇನ್ನೊಂದು ತೀರಿಕೊಂಡ ಅಣ್ಣನದು.

"ಇದು ಜಾಜ್" ಎಂದರು. "ನಾನು ಮೇಲೆ ಹೋಗ್ತೀನಿ, ಎಲ್ಲೆಲ್ಲೋ ಹೋಗ್ತೀನಿ. ಕೆಳಗೆ ಎರಿಕ್ ಇರ್ತಿದ್ದ, ಟ್ರೈನ್ ಥರ, ಒಂದೇ ಸಮ. ಅವನು ಹೋಗಿ ಆರು ವರ್ಷ. ಕೆಳಗೆ ಯಾರೂ ಇಲ್ಲಾಂದ್ರೆ ನಾನು ಎಲ್ಲಿ ಇಳೀಲಿ, ಹೇಳು?"

ಆಮೇಲೆ ಒಂದೊಂದಾಗಿ ತಿಳಿಯಿತು. ಹೊಸ ವರ್ಷಕ್ಕೆ ಮಾಸ್ಟರು ನಿವೃತ್ತರಾಗುತ್ತಾರೆ. ಗಂಡಹೆಂಡಿರು ಮಗಳಿರುವ ಆಸ್ಟ್ರೇಲಿಯಾಕ್ಕೆ ಹಡಗು ಹತ್ತುತ್ತಾರೆ. ಅದಕ್ಕೆ ಮುಂಚೆ, ಕ್ರಿಸ್ಮಸ್ಸಿನ ಮರುದಿನ ಮಧ್ಯಾಹ್ನ, ಚಿಕ್ಕಬಳ್ಳಾಪುರದಿಂದ ಚಿಂತಾಮಣಿಯವರೆಗಿನ ಲೈನಿನ ರೈಲ್ವೆ ಸಂಸಾರಗಳೆಲ್ಲ ನಮ್ಮೂರ ಸ್ಟೇಷನ್ನಿನಲ್ಲಿ ಸೇರಿ ಟೀ ಕುಡಿಯುವುದು ವಾಡಿಕೆ. "ಅವತ್ತು ಒಂದೇ ಒಂದು ಸಲ, ಕೆಳಗೆ ಒಬ್ಬರಿದ್ದು, ಒಂದು ಹಾಡು ಪೂರ್ತಿ ನುಡಿಸ್ಬೇಕು. ಆಮೇಲೆ ಎಲ್ಲಿಗಾದ್ರೂ ಹೋಗ್ತೀನಿ" ಎಂದರು. ಹಾಗೆನ್ನುತ್ತಾ ಎರಿಕ್‌ನ ಗಿಟಾರನ್ನು ನನ್ನ ಮಡಿಲಿಗಿಟ್ಟರು. ಮನೆಯಲ್ಲಿ ಯಾವುದಕ್ಕೂ ಬಾರದವಳೆಂದು ಹೆಸರು ಪಡೆದ ಹುಡುಗಿಯ ಮಡಿಲಿಗೆ ಇಂಥದೊಂದು ಬಂದು ಕೂತರೆ ಏನಾಗುತ್ತದೆ! ಕಲಿತೇ ತೀರುತ್ತೇನೆ ಎಂದುಕೊಂಡೆ. ಮನೆಯಲ್ಲಿ, ದೊರೆಸಾನಿ ಇಂಗ್ಲಿಷ್ ಹೇಳಿಕೊಡುತ್ತಾರೆ ಎಂದೆ. ಅಪ್ಪನಿಗೆ ಎಷ್ಟು ಸಂತೋಷವಾಯಿತೆಂದರೆ ನನಗೆ ಅವರ ಮುಖ ನೋಡಲಾಗಲಿಲ್ಲ.

ಕಲಿಯುವುದು ಸುಲಭವಾಗಿರಲಿಲ್ಲ. ಶಾಲೆಯಲ್ಲಿ ಹಾರ್ಮೋನಿಯಂ ಜೊತೆ ಪ್ರಾರ್ಥನೆ ಹಾಡಿದವಳು ನಾನು. ಶ್ರುತಿ ಎಂದರೆ ಹಿಡಿದ ಕಡೆ ನಿಲ್ಲುವಂಥದು ಎಂದು ನಂಬಿದ್ದೆ. ಇಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಬೆರಳುಗಳೆಲ್ಲ ಬೇರೆ ತಂತಿಗೆ, ಗಿಟಾರಿನ ಕತ್ತಿನ ಮೇಲಿನ ಬೇರೆ ಮನೆಗೆ ಹಾರಬೇಕು. "ಇದ್ಯಾಕೆ ಮೇಡಂ, ಶ್ರುತಿ ನಿಲ್ಲೋದೇ ಇಲ್ಲ?" ಎಂದರೆ, "ರೈಲ್ವೆಯವರು ಕಣಮ್ಮ ನಾವು. ನಮಗೆ ಟ್ರಾನ್ಸ್‌ಫರ್ ಆಗ್ತಾನೇ ಇರುತ್ತೆ" ಎನ್ನುತ್ತಿದ್ದರು.

ಬೆರಳು ಹೇಗೋ ಪಳಗಿತು. ಪಳಗದೆ ಉಳಿದದ್ದು ತಾಳ. ನಾನು ಒಂದಕ್ಕೆ ಮತ್ತು ಮೂರಕ್ಕೆ ಒತ್ತು ಕೊಡುತ್ತಿದ್ದೆ, ಭಜನೆಯಲ್ಲಿ ಕೊಡುವ ಹಾಗೆ. ಡೋರೀನ್ ಹಣೆ ಚಚ್ಚಿಕೊಳ್ಳುತ್ತಿದ್ದರು. "ಒಂದಕ್ಕೆ ಅಲ್ಲ ಲಲ್ಲಿ! ಎರಡಕ್ಕೆ, ನಾಲ್ಕಕ್ಕೆ! ಒಂದು ಸುಮ್ನೆ ಹೋಗ್ಲಿ ಬಿಡು!" ನನ್ನ ಹೆಸರು ಲಲಿತ. ತಾಳ ತಪ್ಪಿದಾಗೆಲ್ಲ ಅದು ಲಲ್ಲಿಯಾಗುತ್ತಿತ್ತು, ಹಾಗಾಗಿ ಅವರ ಬಾಯಲ್ಲಿ ನಾನು ಲಲಿತ ಆದದ್ದೇ ಅಪರೂಪ.

ಅದು ಬಗೆಹರಿದದ್ದು ಹುಳದ ಮನೆಯಲ್ಲಿ. ಶ್ರಾವಣದ ಒಂದು ಮಧ್ಯಾಹ್ನ ಹೊರಗೆ ಜಿಟಿಜಿಟಿ ಮಳೆ, ಒಳಗೆ ಅಜ್ಜಿ ಎಳೆ ಹುಳಕ್ಕೆ ಸೊಪ್ಪು ಹೆಚ್ಚುತ್ತಿದ್ದಳು. ಎಡಗೈ ಸೊಪ್ಪಿನ ಕಟ್ಟನ್ನು ಸದ್ದಿಲ್ಲದೆ ಮುಂದೆ ತಳ್ಳುತ್ತದೆ, ಬಲಗೈಯ ಕತ್ತಿ ಟಕ್ ಎಂದು ಬೀಳುತ್ತದೆ. ತಳ್ಳು, ಟಕ್. ತಳ್ಳು, ಟಕ್. ತೂಕಡಿಸುತ್ತಾ ಕೂತಿದ್ದ ನಾನು ಎದ್ದುಕೂತೆ. ಒಂದು ತಳ್ಳುವುದಕ್ಕೆ, ಎರಡು ಕತ್ತಿಗೆ. ಮೂರು ತಳ್ಳುವುದಕ್ಕೆ, ನಾಲ್ಕು ಕತ್ತಿಗೆ! ಹುಟ್ಟಿದಾಗಿನಿಂದ ಕೇಳುತ್ತಿದ್ದ ಸದ್ದು. ಮೆಲ್ಲಗೆ ತೊಡೆಯ ಮೇಲೆ ಕತ್ತಿಯ ಜೊತೆ ತಟ್ಟತೊಡಗಿದೆ.

"ಏಮೇ, ಕೈ ಖಾಲಿ ಇದ್ರೆ ಸೊಪ್ಪು ಹೆಚ್ಚು ಬಾ" ಎಂದಳು ಅಜ್ಜಿ, ತನ್ನ ತೆಲುಗು ಬೆರೆತ ಕನ್ನಡದಲ್ಲಿ. ಹೆಚ್ಚಿದೆ. ಮಳೆ ನಿಲ್ಲುವವರೆಗೂ ಹೆಚ್ಚಿದೆ. ಸೊಪ್ಪು ಸಂಜೆಗೂ ಉಳಿಯುವಷ್ಟು ಹೆಚ್ಚಿದ್ದಕ್ಕೆ ಬೈಸಿಕೊಂಡೆ.

ಮರುದಿನ ಡೋರೀನ್ ತಮ್ಮ ಗಿಟಾರು ಎತ್ತಿಕೊಂಡರು. ಕಣ್ಣು ಮುಚ್ಚಿ, ನನ್ನ ತಾಳದ ಮೇಲೆ ನಾಲ್ಕು ಹೆಜ್ಜೆ ಹೋಗಿ ಬಂದರು, ಅಷ್ಟೇ.

ಆ ಮಳೆಗಾಲವನ್ನು ಈಗ ನೆನೆದರೆ ಅದಕ್ಕೆ ದಿನಗಳಿದ್ದವು ಎನಿಸುವುದಿಲ್ಲ. ಅವರ ಜಗಲಿಯ ತಗಡಿನ ಮೇಲೆ ಮಳೆ, ಕೆಳಗೆ ನಾವಿಬ್ಬರು. ಸಣ್ಣ ರೈಲು ಹೊಗೆಯುಗುಳುತ್ತಾ ಬಂದು, ಯಾರನ್ನೋ ಇಳಿಸಿ, ಯಾರನ್ನೋ ಹತ್ತಿಸಿಕೊಂಡು, ಮಲಗಿದ ಮಗುವನ್ನು ಎಬ್ಬಿಸಬಾರದೆಂಬಂತೆ ಹೋಗುತ್ತಿತ್ತು. ಮನೆಗೆ ಬಂದರೆ ಮೂರನೇ ಜ್ವರ ದಾಟಿದ ಹುಳ ಸೊಪ್ಪು ಮೇಯುವ ಸದ್ದು, ಅದೂ ಮಳೆಯ ಸದ್ದೇ. ಎಲ್ಲಿ ಮಳೆ ನಿಂತಿತು, ಎಲ್ಲಿ ಹುಳ ಶುರುವಾಯಿತು, ಎಲ್ಲಿ ಗಿಟಾರು ಎಂದು ಬೇರ್ಪಡಿಸಲಾಗದ ಮಂಪರಿನಲ್ಲಿ ತಿರುಗುತ್ತಿದ್ದೆ. ನಡುವೆ ಎಲ್ಲೋ ಪರೀಕ್ಷೆ ಬರೆದೆ, ಪಾಸೂ ಆದೆ. ಬಹಳ ಸುಖವಾಗಿದ್ದೆ.

ಬೆರಳ ತುದಿಯ ಚರ್ಮ ಮಾತ್ರ ಬೊಬ್ಬೆಯೆದ್ದು, ಸುಲಿದು, ಕೆಳಗೆ ಹೊಸದು ಗಟ್ಟಿಯಾಗುತ್ತಿತ್ತು. ಒಂದು ದಿನ ಅಜ್ಜಿ ನನ್ನ ಕೈ ಹಿಡಿದು ನೋಡಿದಳು. "ನಿನ್ನ ಬೆರಳೂ ಜ್ವರಕ್ಕೆ ಕೂತಿದೆಯಲ್ಲೇ, ಪೊರೆ ಬಿಡ್ತಾ ಇದೆ. ಇಂಗ್ಲಿಷ್ ಅಷ್ಟು ಚೂಪಾ?" ನಾನು ಕೈ ಎಳೆದುಕೊಂಡೆ. ಅವಳು ಮತ್ತೆ ಕೇಳಲಿಲ್ಲ.

ಡಿಸೆಂಬರಿನಲ್ಲಿ ಚಳಿ ಬಂತು. ಅಜ್ಜಿ ಹಾಕಿದ ಲೆಕ್ಕದಂತೆ ಆ ಬೆಳೆಯ ಹುಳ ಕ್ರಿಸ್ಮಸ್ಸಿಗೆ ನಾಲ್ಕು ದಿನ ಮುಂಚೆಯೇ ಹಣ್ಣಾಗಬೇಕಿತ್ತು. ಆದರೆ ಚಳಿಗೆ ಹುಳ ಮಂಕಾಯಿತು. ಎರಡನೇ ಜ್ವರಕ್ಕೆ ಕೂತದ್ದು ಏಳುವುದಕ್ಕೆ ಸತಾಯಿಸಿತು. ಕೆಂಡದ ಬಾಣಲೆ ಆರದಂತೆ ನೋಡಿಕೊಳ್ಳುವ ಕೆಲಸ ನನ್ನದಾಯಿತು, ಮನೆ ಬಿಟ್ಟು ಕದಲುವ ಹಾಗಿಲ್ಲ. ಸೊಪ್ಪು ಬಿಡಿಸುವ ಮುನಿಯಮ್ಮನ ಕೈಯಲ್ಲಿ ಡೋರೀನ್‌ಗೆ ಒಂದು ಚೀಟಿ ಕಳಿಸಿದೆ. ಕಲಿಯದ ಇಂಗ್ಲಿಷನ್ನು ತೋರಿಸಿಕೊಳ್ಳಲು ಅದೇ ಸಮಯ ಎನಿಸಿ, 'ಎರಡನೇ ಜ್ವರ, ಎರಡು ದಿನ ಬರಲಾಗುವುದಿಲ್ಲ' ಎಂಬುದನ್ನು ಇಂಗ್ಲಿಷಿನಲ್ಲೇ ಬರೆದೆ. ಯಾರಿಗೆ ಜ್ವರ ಎಂದು ಬರೆಯಬೇಕೆಂದು ಹೊಳೆಯಲೇ ಇಲ್ಲ. ನಮ್ಮೂರಲ್ಲಿ ಅದನ್ನು ಯಾರು ಕೇಳುತ್ತಾರೆ?

ಒಂದು ಗಂಟೆಯೊಳಗೆ ಡೋರೀನ್ ನಮ್ಮ ಬಾಗಿಲಲ್ಲಿದ್ದರು. ಕೈಯಲ್ಲಿ ಕ್ವಿನೈನ್ ಮಾತ್ರೆ, ಫ್ಲಾಸ್ಕಿನಲ್ಲಿ ಕೋಳಿ ಸಾರು, ಮೈಮೇಲೆ ಗಂಡನ ಪೈಪಿನ ಹೊಗೆ ಹೀರಿದ ಕೋಟು, ಅದರ ಮೇಲೆ ಧಾರಾಳವಾಗಿ ಸೆಂಟು. ಹುಳದ ಮನೆಗೆ ಯಾವುದು ಯಾವುದು ಬರಬಾರದೋ ಅದೆಲ್ಲ ಒಟ್ಟಿಗೇ ಬಂದಿತ್ತು.

"ನಿಲ್ಲಮ್ಮಾ ಅಲ್ಲೇ!" ಅಜ್ಜಿ ಎರಡು ಕೈ ಚಾಚಿ ಹೊಸಿಲಿಗೆ ಅಡ್ಡ ನಿಂತಳು.

"ಚೈಲ್ಡ್ ಎಲ್ಲಿ? ಎಷ್ಟು ಡಿಗ್ರಿ ಇದೆ?"

"ಯಾರಿಗಮ್ಮಾ?"

"ಲಲ್ಲಿಗೆ! ಜ್ವರ, ಎರಡನೇ ಸಲ! ಕೈಗೆ ಏನಾದ್ರೂ ಆದ್ರೆ ಗಿಟಾರ್ ಹೆಂಗೆ ನುಡಿಸ್ತಾಳೆ? ಇಪ್ಪತ್ತಾರಕ್ಕೆ ಜಾಜ್ ಪ್ರೋಗ್ರಾಂ ಇದೆ!"

ಕೆಂಡದ ಬಾಣಲೆಯೊಂದಿಗೆ ಹಿಂದೆ ನಿಂತಿದ್ದ ನನ್ನ ಕಡೆ ಅಜ್ಜಿ ತಿರುಗಿದಳು. ಆರು ತಿಂಗಳ ಸುಳ್ಳು ಅವಳ ಮುಖದ ಮೇಲೆ ಒಂದೊಂದೇ ಬಿಚ್ಚಿಕೊಂಡಿತು. ಆಮೇಲೆ ಆದದ್ದೇ ಬೇರೆ. ಅಜ್ಜಿ ಹೊಸಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಯ್ಯೋ ನಾ ತಲ್ಲಿ! ಜ್ವರ ಹುಳಕ್ಕಮ್ಮಾ, ಹುಳಕ್ಕೆ!"

ಡೋರೀನ್ ಕೋಟು ಬಿಚ್ಚಿ ಕಾಂಪೌಂಡಿನ ಮೇಲಿಟ್ಟು, ಕೈಕಾಲು ತೊಳೆದು, ಬಾಗಿಲಾಚೆಯಿಂದಲೇ ನೋಡಿದರು. ತಟ್ಟೆ ತುಂಬ ಹುಳಗಳು ತಲೆಯೆತ್ತಿ ನಿಶ್ಚಲ ಕೂತಿದ್ದವು. "ಈಗ ಮುಟ್ಟಬಾರದು, ತಿನ್ನಿಸಬಾರದು. ಸತ್ತೋದ್ವೇನೋ ಅನ್ನಿಸುತ್ತೆ. ಸುಮ್ನೆ ಬಿಟ್ಟುಬಿಡಬೇಕು, ತಾವೇ ಏಳ್ತಾವೆ, ಮೊದಲಿಗಿಂತ ಜಾಸ್ತಿ ಹಸಿವಿಟ್ಕೊಂಡು" ಎಂದಳು ಅಜ್ಜಿ.

ಡೋರೀನ್ ಬಹಳ ಹೊತ್ತು ನೋಡಿ, ನನ್ನ ಕಿವಿಯಲ್ಲಿ ಹೇಳಿದರು: "ಲಲ್ಲಿ, ನುಡಿಸೋವಾಗ ನೀನು ಎಲ್ಲಾ ಜಾಗದಲ್ಲೂ ಸೊಪ್ಪು ಹಾಕ್ತೀಯ. ಒಂದು ಚೂರು ಖಾಲಿ ಸಿಕ್ಕಿದ್ರೆ ಭಯ ಬಿದ್ದು ತುಂಬ್ತೀಯ. ಇದನ್ನ ನೋಡು. ತಪ್ಪಿದಾಗ ಕೈ ಎತ್ತು, ಸುಮ್ನೆ ಕೂರು, ಆಮೇಲೆ ಏಳು."

ಅವರು ಹೋದ ಮೇಲೆ ಅಜ್ಜಿ ಕೇಳಿದಳು. "ಏನೇ ಅದರ ಹೆಸರು, ಜಾಜಿ?" ಹ್ಞೂಂ ಎಂದೆ. "ನಿಮ್ಮಪ್ಪನಿಗೆ ನಾನು ಹೇಳಲ್ಲ. ಆದ್ರೆ ಹುಳ ಹಣ್ಣಾಗೋ ದಿನ ನೀನು ಇಲ್ಲಿರ್ಬೇಕು. ಅವತ್ತು ಒಂದು ಕೈ ಕಡಿಮೆಯಾದ್ರೂ ಬೆಳೆ ಕೈ ತಪ್ಪುತ್ತೆ." ಮಾತು ಕೊಟ್ಟೆ. ಇನ್ನೂ ಬೇಕಾದಷ್ಟು ದಿನ ಇದೆ ಅಂದುಕೊಂಡಿದ್ದೆ.

ಮೂರನೇ ಜ್ವರವೂ ತಡವಾಯಿತು, ನಾಲ್ಕನೆಯದೂ ತಡವಾಯಿತು. ಬೆರಳು ಮಡಿಸಿ ಎಣಿಸಿದಂತೆಲ್ಲ ಹಣ್ಣಾಗುವ ದಿನ ಇಪ್ಪತ್ತಾರರ ಹತ್ತಿರ ಸರಿಯುತ್ತಿತ್ತು. ಕೊನೆಗೆ ಕ್ರಿಸ್ಮಸ್ಸಿನ ಮರುದಿನ ಬೆಳಗ್ಗೆ ಅಜ್ಜಿ ಒಂದು ಹುಳವನ್ನು ಬೆಳಕಿಗೆ ಹಿಡಿದಳು. ಅದರ ಮೈ ಜೇನಿನ ಬಣ್ಣಕ್ಕೆ ತಿರುಗಿ, ಒಳಗೆ ಬೆಳಕು ಹಾಯುತ್ತಿತ್ತು.

"ಹಣ್ಣಾಯ್ತು" ಎಂದಳು.

ಹಣ್ಣಾದ ಹುಳ ಕಾಯುವುದಿಲ್ಲ. ಆಯ್ದು ಚಂದ್ರಿಕೆಗೆ, ಅಂದರೆ ಸುರುಳಿ ಸುರುಳಿ ಬಿದಿರ ಪಟ್ಟಿ ಹೆಣೆದ ತಟ್ಟಿಗೆ, ಬಿಡದಿದ್ದರೆ ಕಸದಲ್ಲೇ ನೂಲು ಚೆಲ್ಲಿ ಹಾಳಾಗುತ್ತದೆ. ಅಪ್ಪ, ಅಮ್ಮ, ಮುನಿಯಮ್ಮ ಎಲ್ಲರೂ ಕೂತರು. ನಾನೂ ಕೂತೆ, ಕೊಟ್ಟ ಮಾತಿನಂತೆ. ಡೋರೀನ್‌ಗೆ ಹೇಳಿಕಳಿಸುವ ಧೈರ್ಯವೂ ಬರಲಿಲ್ಲ. ಮಧ್ಯಾಹ್ನದ ರೈಲು ಬಂತು, ಪ್ಲಾಟ್‌ಫಾರಂ ಮೇಲೆ ನಗು, ಮಾತು. ಆಮೇಲೆ ತೋಟದ ಮೇಲಿಂದ ಗಿಟಾರು ತೇಲಿ ಬಂತು. ಒಂದೇ ಗಿಟಾರು. ಅವರು ಮೇಲೆ ಹೋಗುತ್ತಿದ್ದರು, ಇಳಿಯಲು ಜಾಗ ಸಿಗದೆ ಮತ್ತೆ ಮೊದಲಿಗೆ ಬಂದು ನಿಲ್ಲುತ್ತಿದ್ದರು. ಮತ್ತೆ ಹೋಗುತ್ತಿದ್ದರು. ನನಗೆ ಅಳು ಒತ್ತಿ ಬಂತು. ಕಣ್ಣು ಮಂಜಾಗಿ, ಬೆರಳಲ್ಲಿದ್ದ ಹುಳ ಪಿಚಕ್ಕೆಂದು ಒಡೆಯಿತು. ಇನ್ನೊಂದನ್ನು ಎತ್ತಿದೆ, ಅದೂ ಒಡೆಯಿತು.

ಅಜ್ಜಿ ನನ್ನ ಎಡಗೈ ಎಳೆದುಕೊಂಡು, ಗಟ್ಟಿಯಾದ ಬೆರಳ ತುದಿಗಳ ಮೇಲೆ ತನ್ನ ಹೆಬ್ಬೆರಳು ಆಡಿಸಿದಳು.

"ಈ ಕೈಗೆ ಹುಳದ ಮೈ ಗೊತ್ತಾಗಲ್ಲ. ಎದ್ದೋಗು."

"ಅಜ್ಜೀ, ಮಾತು ಕೊಟ್ಟಿದ್ದೀನಿ..."

"ನೀನು ಹೋದ್ರೆ ಒಂದು ಕೈ ಕಡಿಮೆ. ಕೂತ್ರೆ ನಿಮಿಷಕ್ಕೆರಡು ಹುಳ ಸಾವು. ಲೆಕ್ಕದಲ್ಲಿ ಪಾಸಾಗಿದ್ದೀಯಲ್ಲ, ನೀನೇ ನೋಡ್ಕೋ." ಅಪ್ಪ ತಲೆಯೆತ್ತಿದರು. "ಏನಮ್ಮಾ ಅದು?" "ಏನಿಲ್ಲ ಕಣಪ್ಪ, ಇಂಗ್ಲಿಷ್ ಪಾಠ ಇದೆಯಂತೆ."

ಬೇಲಿ ದಾಟಿ ಓಡಿದೆ. ವೇಟಿಂಗ್ ರೂಮಿನಲ್ಲಿ ಟೀ ಕಪ್ಪು ಹಿಡಿದ ಜನ. ಡೋರೀನ್ ಪಕ್ಕದ ಕುರ್ಚಿ ಖಾಲಿ ಇತ್ತು, ಅದಕ್ಕೆ ಎರಿಕ್‌ನ ಗಿಟಾರು ಒರಗಿತ್ತು. ಅವರು ನುಡಿಸುವುದನ್ನು ನಿಲ್ಲಿಸಲಿಲ್ಲ, ಕಣ್ಣಲ್ಲೇ ಕುರ್ಚಿ ತೋರಿಸಿದರು. ಕೂತೆ. ಬೆರಳಿಗೆ ಅಂಟಿದ್ದ ರೇಷ್ಮೆಯ ಎಳೆಗಳು ತಂತಿಗೂ ಅಂಟಿಕೊಂಡವು, ಬೆರಳು ಹಾರಿದಾಗೆಲ್ಲ ಅವು ಮಿಂಚಿದವು. ತಳ್ಳು, ಟಕ್. ತಳ್ಳು, ಟಕ್. ಮೊದಲನೇ ಸುತ್ತು ದಾಟಿತು, ಎರಡನೆಯದೂ ದಾಟಿತು. ಮೂರನೆಯದರಲ್ಲಿ ನನ್ನ ಕೈ ಯಾವ ಮನೆಯಲ್ಲಿದೆ ಎಂಬುದೇ ಮರೆತುಹೋಯಿತು. ಹಿಂದಿನ ಲಲ್ಲಿಯಾಗಿದ್ದರೆ ಸಿಕ್ಕಿದ್ದನ್ನೆಲ್ಲ ತುಂಬುತ್ತಿದ್ದಳು. ಕೈ ಎತ್ತಿದೆ. ಸುಮ್ಮನೆ ಕೂತೆ. ಡೋರೀನ್ ಒಬ್ಬರೇ ಮೇಲೆ ತೇಲುತ್ತಿದ್ದರು, ಕೆಳಗೆ ಏನೂ ಇರಲಿಲ್ಲ, ಆದರೂ ಬೀಳಲಿಲ್ಲ. ಒಂದು, ಎರಡು, ಮೂರು. ನಾಲ್ಕಕ್ಕೆ ಅಜ್ಜಿಯ ಕತ್ತಿ ಬಿತ್ತು, ಅದರ ಜೊತೆ ನನ್ನ ಕೈಯೂ.

"ಜ್ವರ?" ಎಂದರು ನುಡಿಸುತ್ತಲೇ.

"ಎದ್ದಿತು" ಎಂದೆ.

ಹಾಡು ಮುಗಿಯುವಾಗ ಅವರು ಎಲ್ಲಿಂದಲೋ ನಿಧಾನವಾಗಿ ಇಳಿದು ಬಂದರು. ಇಳಿಯುವ ಜಾಗದಲ್ಲಿ ನಾನಿದ್ದೆ. ಜೀವನದಲ್ಲಿ ಆಮೇಲೆ ಎಷ್ಟೋ ಒಳ್ಳೆಯದಾಗಿದೆ, ಅಷ್ಟು ಸರಿಯಾದ ಜಾಗದಲ್ಲಿ ನಾನು ಮತ್ತೆಂದೂ ಇರಲಿಲ್ಲ.

ಆ ಬೆಳೆಯಲ್ಲಿ ಒಂದು ತಟ್ಟೆ ಹುಳ ಕಸದಲ್ಲೇ ನೂಲು ಚೆಲ್ಲಿ ಹಾಳಾಯಿತು. "ಚಳಿ ಕಣಪ್ಪ" ಎಂದಳು ಅಜ್ಜಿ, ಅಪ್ಪ ನಂಬಿದರು. ಅಥವಾ ನಂಬಿದ ಹಾಗೆ ಇದ್ದರು.

ಜನವರಿಯಲ್ಲಿ ಅವರು ಹೊರಟರು. ಸಣ್ಣ ರೈಲಿನ ಕಿಟಕಿಯಿಂದ ಎರಿಕ್‌ನ ಗಿಟಾರನ್ನು ನನ್ನ ಕೈಗೆ ಕೊಟ್ಟು, "ಮೇಲಿಂದು ನಿಂಗೆ ಕಲಿಸೋಕೆ ಟೈಂ ಸಿಗಲಿಲ್ಲ" ಎಂದರು. "ಪರವಾಗಿಲ್ಲ. ಮೇಲೆ ಹೋಗೋರು ಯಾರಾದ್ರೂ ಸಿಕ್ತಾರೆ. ನೀನು ಕೆಳಗೆ ಇರು, ಲಲಿತಾ." ಅವರು ಲಲಿತಾ ಎಂದದ್ದು ಕೇಳಿ ನಾನು ಪ್ಲಾಟ್‌ಫಾರಂ ಮೇಲೆ ಜನ ನೋಡುವಂತೆ ಅತ್ತೆ.

ವರ್ಷಕ್ಕೊಂದೆರಡು ಕಾಗದ ಬರುತ್ತಿದ್ದವು. ನಾನು ಚಿಂತಾಮಣಿಯಲ್ಲಿ ಟೀಚರ್ಸ್ ಟ್ರೈನಿಂಗ್ ಮಾಡುತ್ತಿದ್ದಾಗ ಒಂದು ಕಾರ್ಡು ಬಂತು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರು, ಗೀಚಿದ ಹಾಗೆ. 'ಲಲ್ಲಿ, ನಂಗೆ ಜ್ವರ. ನಾಲ್ಕನೇದು ಅನ್ಸುತ್ತೆ.' ಓದಿ ಜೋರಾಗಿ ನಕ್ಕೆ. ರಜೆಗೆ ಊರಿಗೆ ಹೋದಾಗ ಓದಿ ಹೇಳಿದ್ದಕ್ಕೆ ಅಜ್ಜಿಯೂ ನಕ್ಕಳು. ಕಾರ್ಡು ಬಂದು ಎರಡು ವಾರವಾದ ಮೇಲೆ, ತಮಾಷೆಯಾಗಿಯೇ ಕನ್ನಡದಲ್ಲಿ ಉತ್ತರ ಬರೆದೆ: 'ಹಾಗಾದರೆ ಇನ್ನೇನು ಹಣ್ಣಾಗುತ್ತೀರಿ, ಚಂದ್ರಿಕೆ ರೆಡಿ ಮಾಡಿಕೊಳ್ಳಿ.'

ಅದಕ್ಕೆ ಉತ್ತರ ಬರೆದದ್ದು ಅವರ ಮಗಳು: ಅಮ್ಮ ಮೂರು ವಾರ ಜ್ವರದಲ್ಲಿ ಮಲಗಿ ತೀರಿಕೊಂಡರು. ನಿಮ್ಮ ಕಾಗದ ಆಮೇಲೆ ಬಂತು, ಅದರಲ್ಲಿ ಏನಿದೆಯೆಂದು ಇಲ್ಲಿ ಓದಬಲ್ಲವರು ಯಾರೂ ಇಲ್ಲ.

ಹುಳದ ಜ್ವರವನ್ನು ಮನುಷ್ಯರ ಜ್ವರವೆಂದು ತಿಳಿದು ಅವರು ಒಂದು ಗಂಟೆಯೊಳಗೆ ಸಾರು ಹಿಡಿದು ಓಡಿ ಬಂದಿದ್ದರು. ಮನುಷ್ಯರ ಜ್ವರವನ್ನು ಹುಳದ್ದೆಂದು ತಿಳಿದು ನಾನು ಎರಡು ವಾರ ಸುಮ್ಮನೆ ಕೂತಿದ್ದೆ. ಓದುವವರಿಲ್ಲ ಎಂಬುದೊಂದೇ ನನಗೆ ಸಮಾಧಾನ. ಅದಕ್ಕೆ ಸಮಾಧಾನಪಡುವುದಕ್ಕೂ ನಾಚಿಕೆಯಾಗುತ್ತದೆ.

ಎರಿಕ್‌ನ ಗಿಟಾರು ಈಗ ಚಿಕ್ಕಬಳ್ಳಾಪುರದ ನಮ್ಮ ಮನೆಯಲ್ಲಿದೆ. ನಾಮಕರಣದಿಂದ ಬಂದ ಸಂಜೆ ತೆಗೆದು, ತಂತಿ ಬಿಗಿದು, ಆ ಹಾಡನ್ನು ಹಿಡಿದೆ. ನನಗೆ ಬರುವುದು ಅದರ ಕೆಳಗಿನದು ಮಾತ್ರ. ಮೇಲೆ ಹೋಗುವವರು ಯಾರೂ ಸಿಗಲಿಲ್ಲ, ನಾನು ಹುಡುಕಲೂ ಇಲ್ಲ. ಮೊಮ್ಮಗಳು ಬಂದು ಪಕ್ಕದಲ್ಲಿ ಕೂತು, ಗಲ್ಲಕ್ಕೆ ಕೈಕೊಟ್ಟು ಮೂರು ಸುತ್ತು ಕೇಳಿದಳು.

"ಅಜ್ಜೀ, ಬರೀ ಟಕ್ ಟಕ್ ಅಂತಿದೆ. ಹಾಡೆಲ್ಲಿ?"

"ಇರು ಪುಟ್ಟಿ" ಎಂದೆ ಕೈ ನಿಲ್ಲಿಸದೆ. "ಜ್ವರಕ್ಕೆ ಕೂತಿದೆ."